ಗುರಿ ಕೇಳಬೇಡಿ, ಫಾರಂ ತುಂಬಿ

ಅಮೆರಿಕದ ಅಯೋವಾ ರಾಜ್ಯದ ಆ ಹಳೇ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಸುತ್ತು ಹೊಡೆಯುತ್ತಿದೆ. ಅಂಧರಿಗೂ ಪಿಸ್ತೂಲಿನ ಪರ್ಮಿಟ್, ಪಕ್ಕದಲ್ಲಿ ಬಿದ್ದು ಬಿದ್ದು ನಗುವ ನಾಲ್ಕು ಹಳದಿ ಮುಖ. ನನಗೆ ಕಳಿಸಿದವರು ನಮ್ಮ ಭಾವ. ‘ಅಮೆರಿಕದವರ ಬುದ್ಧಿ ನೋಡು’ ಅಂತ ಕೆಳಗೊಂದು ಷರಾ ಬೇರೆ. ಭಾವನ ಮಗ ಅಲ್ಲೇ ಇದ್ದಾನೆ, ಗ್ರೀನ್ ಕಾರ್ಡಿಗೆ ಕಾಯುತ್ತಿದ್ದಾನೆ. ಇರಲಿ.

ಸುದ್ದಿ ಸುಳ್ಳಲ್ಲ. 2011ರಲ್ಲಿ ಜಾರಿಗೆ ಬಂದ ಅಯೋವಾದ ಕಾನೂನಿನ ಪ್ರಕಾರ ದೇಹದ ಯಾವುದೋ ನ್ಯೂನತೆಯ ನೆಪ ಹೇಳಿ ಶೆರೀಫ್, ಅಂದರೆ ಅಲ್ಲಿನ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಅರ್ಜಿಯನ್ನು ತಳ್ಳಿಹಾಕುವಂತಿಲ್ಲ. 2013ರಲ್ಲಿ ಅಲ್ಲಿನ ಪತ್ರಿಕೆಯೊಂದು ಕೆದಕಿದಾಗ ಪೋಲ್ಕ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಅಧಿಕಾರಿಗಳು ಒಪ್ಪಿಕೊಂಡರು: ಕನಿಷ್ಠ ಮೂವರಿಗೆ ಪರ್ಮಿಟ್ ಕೊಟ್ಟಿದ್ದೇವೆ. ಮೂವರೂ ಕಾರು ಓಡಿಸಲು ಕಾನೂನು ಬಿಡದವರು, ಅರ್ಜಿಯ ಫಾರಂ ಓದಲಾಗದವರು ಅಥವಾ ಓದಲು ಒದ್ದಾಡಿದವರು. ತರಬೇತಿ? ಅದೂ ಇತ್ತು. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಪಾಠ ಮುಗಿಸಿದರೆ ಆಯಿತು, ಒಂದೇ ಒಂದು ಗುಂಡನ್ನೂ ಹಾರಿಸಿ ತೋರಿಸಬೇಕಿರಲಿಲ್ಲ.

ಎಂಥ ದೊಡ್ಡ ಮನಸ್ಸು! ಹೆಸರು ಕೇಳುತ್ತಾರೆ, ವಿಳಾಸ ಕೇಳುತ್ತಾರೆ, ಹಿಂದೆ ಏನಾದರೂ ಅಪರಾಧ ಮಾಡಿದ್ದೀರಾ ಅಂತ ಕೇಳುತ್ತಾರೆ. ಗುರಿ ಬಗ್ಗೆ ಮಾತ್ರ ಚಕಾರವಿಲ್ಲ. ಅದು ನಿಮ್ಮ ಖಾಸಗಿ ವಿಷಯ. ಪಕ್ಕದ ನೆಬ್ರಾಸ್ಕ ಆಗ ಕಣ್ಣಿನ ಪರೀಕ್ಷೆ ಕೇಳುತ್ತಿತ್ತಂತೆ, ಸಂಕುಚಿತ ಮನಸ್ಸಿನವರು. ನಡುವೆ ಹರಿಯುವ ಮಿಸೌರಿ ನದಿಯ ಆ ದಡದಲ್ಲಿ ಕಣ್ಣು ಬೇಕಿತ್ತು, ಸೇತುವೆ ದಾಟಿ ಅಯೋವಾಕ್ಕೆ ಬಂದರೆ ಬೇಕಿರಲಿಲ್ಲ.

ಭಾವನವರ ಹಳದಿ ಮುಖಗಳ ಜೊತೆ ನನಗೆ ನಗಲಾಗದ್ದಕ್ಕೆ ಕಾರಣವಿದೆ. ಕಾನೂನಿನ ಲೆಕ್ಕದಲ್ಲಿ ಅಂಧ ಎಂದರೆ ಎಲ್ಲರಿಗೂ ಪೂರ್ತಿ ಕತ್ತಲೆಯೇನಲ್ಲ. ಬೇರೆಯವರು 200 ಅಡಿಯಿಂದ ಕಾಣುವುದನ್ನು 20 ಅಡಿಗೆ ಬಂದು ಕಾಣುವವರೂ ಆ ಪಟ್ಟಿಯಲ್ಲೇ ಬರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅಂಧರ ವಿಷಯದಲ್ಲಿ ಅಯೋವಾ ಸುಮ್ಮನೆ ನಕ್ಕುಬಿಡುವಂಥ ರಾಜ್ಯವಲ್ಲ. 1958ರಿಂದ ಇಪ್ಪತ್ತು ವರ್ಷ ಅಲ್ಲಿನ ಅಂಧರ ಆಯೋಗ ನಡೆಸಿದ ಕೆನೆತ್ ಜರ್ನಿಗನ್ ಸ್ವತಃ ಅಂಧರು. ಅವರ ತರಬೇತಿ ಕೇಂದ್ರದಲ್ಲಿ ಅಲ್ಪಸ್ವಲ್ಪ ಕಾಣುವವರಿಗೂ ಕಣ್ಣಿಗೆ ಪಟ್ಟಿ ಕಟ್ಟಿ, ಬಡಗಿ ಕೆಲಸಕ್ಕೆ ಕರೆಂಟಿನ ಗರಗಸದ ಮುಂದೆ ನಿಲ್ಲಿಸುತ್ತಿದ್ದರು. ಮರದ ಅಂಚಿನ ಮೇಲೆ ಬೆರಳಾಡಿಸಿ, ಅಳತೆ ಹಿಡಿದು, ಹಲ್ಲಿನ ಸದ್ದು ಕೇಳಿ ಕುಯ್ಯುವುದನ್ನು ಕಲಿಸುತ್ತಿದ್ದರು. ಆದರೆ ಗಮನಿಸಿ, ಕಲಿಸುತ್ತಿದ್ದರು. ಕಂಪ್ಯೂಟರಿನಲ್ಲಿ ಗರಗಸದ ಚಿತ್ರ ತೋರಿಸಿ ಸರ್ಟಿಫಿಕೇಟು ಕೊಟ್ಟು ಕಳಿಸಲಿಲ್ಲ.

ನಮ್ಮ ಕಡೆಯ ಕೋವಿಯ ಕಥೆ ಕೇಳಿ. ಕೊಡಗಿನವರಿಗಿರುವ ಕೋವಿ ಲೈಸೆನ್ಸಿನ ವಿನಾಯಿತಿಯ ಸುದ್ದಿಗೆ ನಾನು ಹೋಗುವುದಿಲ್ಲ, ಅಲ್ಲಿ ನನಗೆ ನೆಂಟರಿದ್ದಾರೆ. ಮಿಕ್ಕ ಮಲೆನಾಡಿನಲ್ಲಿ ಅಡಿಕೆ ತೋಟದವನು ಮಂಗನನ್ನು ಹೆದರಿಸಲು ಒಂದು ಕೋವಿಯ ಲೈಸೆನ್ಸ್ ಕೇಳಿದರೆ ಪೊಲೀಸ್ ವರದಿ, ಪಹಣಿ, ವೈದ್ಯರ ಸರ್ಟಿಫಿಕೇಟು, ತರಬೇತಿಯ ಸರ್ಟಿಫಿಕೇಟು, ನಡುವೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’. ಅಜ್ಜನ ಕಾಲದ ಕೋವಿಯನ್ನು ಮೊಮ್ಮಗನ ಹೆಸರಿಗೆ ಮಾಡಿಸುವಷ್ಟರಲ್ಲಿ ಮೊಮ್ಮಗನ ಕಣ್ಣಿಗೂ ಪೊರೆ ಬಂದಿರುತ್ತದೆ. ಕೊನೆಗೂ ಕೈಗೆ ಬಂತು ಅನ್ನುವಾಗ ಚುನಾವಣೆ. ಕೋವಿ ಠಾಣೆಯಲ್ಲಿ ಜಮಾ. ಗೋಡೆಗೆ ಒರಗಿಸಿಟ್ಟ ಕೋವಿಗಳ ಸಾಲು, ಒಂದೊಂದರ ಕುತ್ತಿಗೆಗೂ ಹೆಸರಿನ ಚೀಟಿ, ದಾರ. ಕಾಡುಹಂದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲವಾದ್ದರಿಂದ ಅದು ಆ ತಿಂಗಳಲ್ಲಿ ಗದ್ದೆಯ ಪ್ರಚಾರ ಮುಗಿಸಿಕೊಂಡು ಹೋಗುತ್ತದೆ. ಇದನ್ನು ಹೊಗಳುತ್ತಿಲ್ಲ. ಆದರೂ ಕೋವಿ ಕೊಡುವ ಮೊದಲು ನಾಲ್ಕು ಜನ ನಾಲ್ಕು ಪ್ರಶ್ನೆ ಕೇಳುವ ಊರಿನಲ್ಲಿ ಬೆಳೆದವನಿಗೆ ಏನನ್ನೂ ಕೇಳದ ಊರು ಅರ್ಥವಾಗುವುದು ಕಷ್ಟ.

ಕಾಣದವನ ಕೈಯಲ್ಲಿ ಬಿಲ್ಲು ಎಂದರೆ ನಮಗೆ ನಗು. ಶಬ್ದವೇಧಿ ದಶರಥನಿಗೆ ಎರಡೂ ಕಣ್ಣು ನೆಟ್ಟಗಿದ್ದವಲ್ಲ ಸ್ವಾಮಿ! ಕೊಡದಲ್ಲಿ ನೀರು ತುಂಬುವ ಸದ್ದನ್ನು ಆನೆ ಎಂದುಕೊಂಡು ಬಾಣ ಬಿಟ್ಟ. ಸತ್ತವನು ಶ್ರವಣಕುಮಾರ. ಆ ಕಥೆಯಲ್ಲಿ ಅಂಧರಾಗಿದ್ದವರು ಮಗನನ್ನು ಕಳೆದುಕೊಂಡ ಮುದಿ ತಂದೆತಾಯಿ.

2006ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿ, ಮೂಗಿನ ಮೇಲೆ ಕನ್ನಡಕವನ್ನೂ ಇಟ್ಟುಕೊಂಡು, ಹಕ್ಕಿ ಬೇಟೆಗೆ ಹೋದರು. ಹಕ್ಕಿಗೆ ಅಂತ ಹೊಡೆದ ಈಡು ಜೊತೆಗಿದ್ದ 78 ವರ್ಷದ ವಕೀಲ ಹ್ಯಾರಿ ವಿಟಿಂಗ್ಟನ್ ಅವರ ಮುಖಕ್ಕೆ, ಕುತ್ತಿಗೆಗೆ, ಎದೆಗೆ ಬಿತ್ತು. ಚರೆಯೊಂದು ಹೃದಯದ ಹತ್ತಿರ ಸೇರಿ ಸಣ್ಣ ಹೃದಯಾಘಾತವೂ ಆಯಿತು. ಆಸ್ಪತ್ರೆಯಿಂದ ಹೊರಬಂದ ವಿಟಿಂಗ್ಟನ್, ಚೇನಿ ಕುಟುಂಬ ಆ ವಾರ ಅನುಭವಿಸಿದ್ದಕ್ಕೆಲ್ಲ ತಾವೇ ವಿಷಾದ ಹೇಳಿದರು. ಈಡು ತಿಂದವರೇ ಸಾರಿ ಕೇಳುವ ಇಂಥ ಸಂಸ್ಕಾರ ನಮ್ಮಲ್ಲಿ ಎಲ್ಲಿದೆ? ಬೇಟೆ ಇಲಾಖೆಯೇನು ಸುಮ್ಮನಿರಲಿಲ್ಲ. ಉಪಾಧ್ಯಕ್ಷರ ಲೈಸೆನ್ಸಿನ ಮೇಲೆ 7 ಡಾಲರಿನ ಹಕ್ಕಿ ಸ್ಟಾಂಪ್ ಇರಲಿಲ್ಲವೆಂದು ಎಚ್ಚರಿಕೆಯ ಚೀಟಿ ಕೊಟ್ಟಿತು.

ಅದೇ ಟೆಕ್ಸಾಸ್ 2007ರಲ್ಲಿ ಅಂಧ ಬೇಟೆಗಾರರು ಗುರಿ ಹಿಡಿಯಲು ಲೇಸರ್ ಬಳಸಲು ಅನುಮತಿ ಕೊಟ್ಟಿತು, ಪಕ್ಕದಲ್ಲಿ ಕಣ್ಣು ಕಾಣುವ ಒಬ್ಬರು ಇರಬೇಕೆಂಬ ಷರತ್ತಿನ ಮೇಲೆ. ಉಪಾಧ್ಯಕ್ಷರ ಪಕ್ಕದಲ್ಲೂ ಜನ ಇದ್ದರು, ಪಾಪ.

ಇನ್ನು ತಮಾಷೆ ಸಾಕು. 2017ರಲ್ಲಿ ಕ್ಯಾನ್ಸಸ್‌ನ ಒಂದು ಬಾರಿನಲ್ಲಿ ಕಣ್ಣು ಸರಿಯಿದ್ದ ಒಬ್ಬ, ಎದುರಿಗಿದ್ದ ಇಬ್ಬರು ಭಾರತೀಯ ಇಂಜಿನಿಯರುಗಳನ್ನು ಇರಾನಿನವರು ಅಂದುಕೊಂಡು ಗುಂಡು ಹಾರಿಸಿದ. ಒಬ್ಬರು ಸತ್ತರು. 2021ರಲ್ಲಿ ಆ ದೇಶದಲ್ಲಿ ಬಂದೂಕಿನಿಂದ ಸತ್ತವರು 48,000ಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಇಷ್ಟನ್ನೂ ಬಿಟ್ಟು ವಾಟ್ಸ್ಆ್ಯಪ್‌ನವರು ಈಗಲೂ ಪೋಲ್ಕ್ ಕೌಂಟಿಯ ಆ ಮೂವರ ಹಿಂದೆಯೇ ಬಿದ್ದಿದ್ದಾರೆ. ಅವರಿಂದ ಯಾರಿಗೆ ಏನಾಯಿತೆಂದು ಕೇಳುವುದಿಲ್ಲ. ಬಿಳಿ ಕೋಲು ಹಿಡಿದವನ ಚಿತ್ರದ ಪಕ್ಕ ಪಿಸ್ತೂಲು ಅಂಟಿಸಿದರೆ ಸಾಕು, ಜನ ಫಾರ್ವರ್ಡ್ ಮಾಡುತ್ತಾರೆ. ಎಲ್ಲರನ್ನೂ ಗುರಿಹಲಗೆಯ ಮುಂದೆ ನಿಲ್ಲಿಸಿ, ಹೊಡೆದವನಿಗೆ ಕೊಡಿ, ತಪ್ಪಿದವನನ್ನು ಮನೆಗೆ ಕಳಿಸಿ ಎಂದಿದ್ದರೆ ಅಂಧ ಯಾರು ಎಂಬ ಪ್ರಶ್ನೆಯೇ ಬರುತ್ತಿರಲಿಲ್ಲ. ಹಾಗೆ ಮಾಡಿದರೆ ಕಣ್ಣಿರುವವರೇ ಸಾಲುಸಾಲಾಗಿ ಫೇಲಾಗುತ್ತಾರಲ್ಲ, ಅದಕ್ಕೇ ಯಾರಿಗೂ ಬೇಡ.

ಅಯೋವಾ ಆಮೇಲೆ ಸಮಸ್ಯೆಯನ್ನು ಬೇರುಸಹಿತ ಕಿತ್ತುಹಾಕಿತು. ಫಾರಂ ಓದಲಾಗದವರಿಗೆ ಫಾರಂ ಕೊಟ್ಟಿದ್ದೀರಿ ಎಂದು ತಾನೇ ಗಲಾಟೆ? 2021ರ ಜುಲೈಯಿಂದ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಲು ಪರ್ಮಿಟ್ಟೇ ಕಡ್ಡಾಯವಲ್ಲ. ಅಲ್ಲಿಗೆ ಅಂಧರೂ ಒಂದೇ, ಚೇನಿಯವರೂ ಒಂದೇ.

ಈ ಸಮಾನತೆ ಪಿಸ್ತೂಲಿನ ಆಚೆಗೆ ಮಾತ್ರ ಕಾಲಿಡುವುದಿಲ್ಲ. ದಾರಿ ತೋರುವ ನಾಯಿ ಜೊತೆಗಿದೆ ಎಂದು ಗಾಡಿ ಹತ್ತಿಸದೆ ಹೋಗುತ್ತಾರೆಂದು ಕ್ಯಾಲಿಫೋರ್ನಿಯಾದ ಅಂಧರ ಸಂಘ 2014ರಲ್ಲಿ ಊಬರ್ ಮೇಲೆ ಕೇಸು ಹಾಕಬೇಕಾಯಿತು. 1938ರ ಕೂಲಿ ಕಾನೂನಿನ ಒಂದು ಕಲಮಿನ ಪ್ರಕಾರ, ಸರ್ಕಾರದ ಸರ್ಟಿಫಿಕೇಟು ಪಡೆದ ಮಾಲೀಕ ಅಂಧರಿಗೂ ಇತರ ಅಂಗವಿಕಲರಿಗೂ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಬಹುದು. ಅಂಧರ ಸಂಘಟನೆಗಳು ಎಷ್ಟೋ ಕಾಲದಿಂದ ಹೊಡೆದಾಡುತ್ತಿವೆ, ಫೆಡರಲ್ ಕಾನೂನಿನಿಂದ ಆ ಕಲಂ ಹೋಗಿಲ್ಲ. ಆ ಕೂಲಿಯಲ್ಲಿ ಉಳಿಸಿ ಪಿಸ್ತೂಲು ತರಲು ಹೋದರೆ ಅಂಗಡಿಯವನು ಪೂರ್ತಿ ಬೆಲೆಯನ್ನೇ ಎಣಿಸಿಕೊಳ್ಳುತ್ತಾನೆ.