ಒಂದು ‘ಬಹುದು’, ನಾಲ್ಕು ಇಂಗ್ಲಿಷು

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನಲ್ಲಿ ‘ಇನ್ನೊಂದ್ ಸ್ವಲ್ಪ ಪಲ್ಯ ಹಾಕ್ರಿ’ ಅಂದರೆ ಸಾಕು. ಆ ‘ಸ್ವಲ್ಪ’ ಮತ್ತು ಕೊನೆಯ ‘ರಿ’ ಸೇರಿ ಮರ್ಯಾದೆಯ ಕೆಲಸವನ್ನೆಲ್ಲ ಮುಗಿಸಿರುತ್ತವೆ. ಇದನ್ನೇ ಇಂಗ್ಲಿಷಿನಲ್ಲಿ ‘ಗಿವ್ ಮಿ ಸಮ್ ಪಲ್ಯ’ ಅಂದರೆ ಸಪ್ಲೈಯರಿಗೆ ಅಮಲ್ದಾರರ ಹುಕುಂ ಬಂದ ಹಾಗಿರುತ್ತದೆ. ಆ ಭಾಷೆಯಲ್ಲಿ ‘ರಿ’ ಇಲ್ಲ. ‘ಯು’ ಒಂದರಲ್ಲೇ ‘ನೀನು’ ಕೂಡ ಇದೆ, ‘ನೀವು’ ಕೂಡ ಇದೆ. ಹಾಗಾಗಿ ಮರ್ಯಾದೆಯ ಮೂಟೆಯನ್ನು ‘ಕುಡ್ ಯು’, ‘ವುಡ್ ಯು’ಗಳ ತಲೆಯ ಮೇಲೆ ಹೊರಿಸಿದ್ದಾರೆ. ಕುಡ್, ವುಡ್ ಎರಡೂ ಮೂಲದಲ್ಲಿ ಕ್ಯಾನ್, ವಿಲ್‌ಗಳ ಭೂತಕಾಲದ ರೂಪಗಳು. ಈಗ ಕೇಳುತ್ತಿರುವುದನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಹೇಳಿದರೆ ಮಾತು ಮೆತ್ತಗಾಗುತ್ತದೆ ಎಂಬುದು ಲೆಕ್ಕ. ಇದೇನು ವಿಚಿತ್ರ ಅನ್ನುವ ಹಾಗಿಲ್ಲ. ‘ನಿಮ್ಹತ್ರ ಒಂದ್ ಮಾತು ಕೇಳ್ಬೇಕಿತ್ತು’ ಅಂತ ನಾವೂ ಈಗಿನ ಕೆಲಸಕ್ಕೆ ನಿನ್ನೆಯ ಬಟ್ಟೆ ಹಾಕಿಯೇ ಬಾಗಿಲು ತಟ್ಟುತ್ತೇವೆ.

ವ್ಯಾಕರಣದವರು ಮೋಡಲ್ ಎಂದು ಕರೆಯುವ ಈ ಸಹಾಯಕ ಕ್ರಿಯಾಪದಗಳು ಮುಖ್ಯವಾಗಿ ಒಂಬತ್ತು: ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಮಿಕ್ಕ ಕ್ರಿಯಾಪದಗಳು ಪಾಲಿಸುವ ಶಿಸ್ತು ಇವಕ್ಕಿಲ್ಲ. ‘ಹಿ’ ಬಂದರೂ ‘ಶಿ’ ಬಂದರೂ ಬಾಲಕ್ಕೆ ‘ಎಸ್’ ಅಂಟಿಸಿಕೊಳ್ಳುವುದಿಲ್ಲ. ಪ್ರಶ್ನೆ ಕೇಳಲು ‘ಡು’ವಿನ ಹಂಗಿಲ್ಲ, ಕರ್ತೃವನ್ನು ದಾಟಿ ತಾವೇ ಮುಂದೆ ಹೋಗಿ ನಿಲ್ಲುತ್ತವೆ. ಹಿಂದೆ ಬರುವ ಕ್ರಿಯಾಪದಕ್ಕೆ ‘ಟು’ ಬೇಡ, ‘ಇಂಗ್’ ಬೇಡ, ಅದು ಬರಿಮೈಯಲ್ಲೇ ಬರಬೇಕು. ಒಂದು ಮೋಡಲ್ ಪಕ್ಕದಲ್ಲಿ ಇನ್ನೊಂದು ಕೂರುವಂತಿಲ್ಲ. ಅದಕ್ಕೇ ‘ನಾಳೆ ಮಾಡಲು ಸಾಧ್ಯವಾಗುತ್ತದೆ’ ಅನ್ನಲು ‘ವಿಲ್ ಕ್ಯಾನ್’ ಆಗದು, ‘ವಿಲ್ ಬಿ ಏಬಲ್ ಟು’ ಅನ್ನಬೇಕು. ಈ ‘ಏಬಲ್ ಟು’ ರುಚಿ ಹತ್ತಿದವರು ‘ಐ ಕ್ಯಾನ್ ಏಬಲ್ ಟು ಡು’ ಅನ್ನತೊಡಗುತ್ತಾರೆ. ಬೆಣ್ಣೆ ದೋಸೆಯ ಮೇಲೆ ತುಪ್ಪ ಸುರಿದ ಹಾಗೆ. ಎರಡರಲ್ಲಿ ಒಂದು ಸಾಕು.

ಉಚ್ಚಾರದಲ್ಲೂ ಒಂದು ಗುಂಡಿ ಇದೆ. ಬರೆದದ್ದನ್ನೆಲ್ಲ ಓದುವ ನಮ್ಮ ಪ್ರಾಮಾಣಿಕ ಬಾಯಿ ‘ಕುಡ್’ ಅನ್ನು ‘ಕೌಲ್ಡ್’ ಮಾಡುತ್ತದೆ. ವುಡ್, ಶುಡ್‌ಗಳ ‘ಎಲ್’ ಒಂದು ಕಾಲಕ್ಕೆ ನಿಜವಾಗಿ ನುಡಿಯುತ್ತಿದ್ದ ಅಕ್ಷರ, ಆಮೇಲೆ ಬಾಯಿ ಮುಚ್ಚಿತು. ಕುಡ್‌ನಲ್ಲಿ ಅದು ಹುಟ್ಟಿನಿಂದ ಇರಲೇ ಇಲ್ಲ. ಆ ಇಬ್ಬರನ್ನು ನೋಡಿ ಮಧ್ಯೆ ತೂರಿಸಿದರು. ಪರೀಕ್ಷೆಯಲ್ಲಿ ಪಕ್ಕದವನದ್ದು ನೋಡಿ ಬರೆದ ಉತ್ತರದ ಹಾಗೆ ಇಂದಿಗೂ ಅಲ್ಲೇ ಕೂತಿದೆ.

ಕನ್ನಡಿಗರು ನಿಜವಾಗಿ ಎಡವುವುದು ‘ಬಹುದು’ ಬಂದಾಗ. ನಮ್ಮದು ಒಂದೇ, ಅವರದ್ದು ನಾಲ್ಕು. ‘ದುರ್ಗದಿಂದ ದಾವಣಗೆರೆಗೆ ಒಂದೂವರೆ ಗಂಟೆಯಲ್ಲಿ ಹೋಗಬಹುದು’ ಅನ್ನುವಾಗ ಅದು ಎಂದಿಗೂ ನಿಜವಾದ ಸಾಧ್ಯತೆ, ಅಲ್ಲಿ ಕ್ಯಾನ್. ‘ನೀವಿನ್ನು ಹೋಗಬಹುದು’ ಅನ್ನುವುದು ಅಪ್ಪಣೆ, ಮೇ ಅಥವಾ ಕ್ಯಾನ್. ‘ಸಂಜೆ ಮಳೆ ಬರಬಹುದು’ ಅನ್ನುವುದು ಊಹೆ. ಅಲ್ಲಿ ಮೇ, ಮೈಟ್, ಕುಡ್ ಮೂರೂ ನಡೆಯುತ್ತವೆ, ಕ್ಯಾನ್ ಮಾತ್ರ ನಡೆಯದು. ‘ಇಟ್ ಕ್ಯಾನ್ ರೇನ್ ದಿಸ್ ಈವ್ನಿಂಗ್’ ತಪ್ಪು. ‘ಇಟ್ ಕ್ಯಾನ್ ರೇನ್ ಇನ್ ಏಪ್ರಿಲ್’ ಸರಿ. ಮೊದಲನೆಯದು ಈ ಒಂದು ಸಂಜೆಯ ಅಂದಾಜು, ಎರಡನೆಯದು ಏಪ್ರಿಲ್ ತಿಂಗಳ ಸ್ವಭಾವ. ಪರೀಕ್ಷಿಸಲು ಸುಲಭದ ದಾರಿ ಇದೆ: ನಿಮ್ಮ ಕನ್ನಡ ವಾಕ್ಯಕ್ಕೆ ‘ಬಹುಶಃ’ ಸೇರಿಸಿ ನೋಡಿ. ಅರ್ಥ ಕೆಡದೆ ಕೂತರೆ ಕ್ಯಾನ್ ಬಿಟ್ಟುಬಿಡಿ.

ಮೇ ಮತ್ತು ಮೈಟ್ ನಡುವಿನ ಅಂತರ ಈಗ ಕೂದಲೆಳೆಯಷ್ಟು. ಮೈಟ್‌ಗೆ ನಂಬಿಕೆ ಒಂದು ಗುಲಗಂಜಿ ಕಡಿಮೆ. ಹಿರಿಯೂರು ಬಳಿಯ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಮಳೆಗಾಲ ಬಂದಾಗಲೆಲ್ಲ ‘ಈ ಸಲ ಮಾರಿಕಣಿವೆ ತುಂಬಬಹುದು’ ಅಂದವರ ‘ಬಹುದು’ ಇದೆಯಲ್ಲ, ಅದು ಮೈಟ್.

ಊಹೆಗೆ ‘ಇಲ್ಲ’ ಸೇರಿದರೆ ಕನ್ನಡವೇ ಕೈ ಹಿಡಿಯುತ್ತದೆ. ‘ಮನೆಯಲ್ಲಿ ಇರಲಿಕ್ಕಿಲ್ಲ’ ಅಂದರೆ ಮೇ ನಾಟ್. ‘ಇರೋಕೆ ಸಾಧ್ಯನೇ ಇಲ್ಲ’ ಅಂದರೆ ಕಾಂಟ್. ಅಂದಹಾಗೆ, ಕ್ಯಾನ್ ಎಂಬುದರ ಹಳೆಯ ಅರ್ಥ ‘ತಿಳಿ’. ನಮ್ಮ ‘ಬಲ್ಲ’ನೂ ಹಾಗೆಯೇ. ‘ಕನ್ನಡ ಬಲ್ಲವನು’ ತಿಳಿದವನು, ‘ಈಜಬಲ್ಲವನು’ ಈಜಲು ಆಗುವವನು. ಎಲ್ಲಿಯ ಇಂಗ್ಲೆಂಡು, ಎಲ್ಲಿಯ ದುರ್ಗ.

ಮಸ್ಟ್ ವಿಷಯದಲ್ಲಿ ನಾವು ಇನ್ನೂ ಅದೃಷ್ಟವಂತರು. ಕಡ್ಡಾಯ ಮತ್ತು ಗಟ್ಟಿ ಊಹೆ ಎರಡನ್ನೂ ಅದು ಹೇಳುತ್ತದೆ. ನಮ್ಮ ‘ಬೇಕು’ ಕೂಡ. ‘ಎಂಟಕ್ಕೆ ಅಲ್ಲಿ ಇರಬೇಕು’ ಕಡ್ಡಾಯ. ‘ಬೀಗ ಹಾಕಿದೆ, ಊರಿಗೆ ಹೋಗಿರಬೇಕು’ ಊಹೆ, ಮಸ್ಟ್ ಹ್ಯಾವ್ ಗಾನ್. ಆದರೂ ಪಾಠ ಹೇಳುವವರು ಇದನ್ನು ಹೊಸ ಗ್ರಹ ಕಂಡುಹಿಡಿದಂತೆ ಬೋರ್ಡಿನ ಮೇಲೆ ಬರೆಸುತ್ತಾರೆ. ಮಕ್ಕಳ ಬಾಯಲ್ಲಿ ಅದು ಆಗಲೇ ಇದೆ. ಕಾಲು ಜಾರುವ ಜಾಗ ಬೇರೆ. ಮಸ್ಟ್‌ಗೆ ‘ನಾಟ್’ ಹಚ್ಚಿದರೆ ‘ಬೇಕಾಗಿಲ್ಲ’ ಆಗುವುದಿಲ್ಲ, ‘ಕೂಡದು’ ಆಗುತ್ತದೆ. ‘ಯು ಮಸ್ಟ್ ನಾಟ್ ಪೇ’ ಅಂದರೆ ದುಡ್ಡು ಕೊಟ್ಟರೆ ಜೋಕೆ ಅಂತ. ಕೊಡಬೇಕಾಗಿಲ್ಲ ಅನ್ನಲು ‘ಡೋಂಟ್ ಹ್ಯಾವ್ ಟು’. ಕಡ್ಡಾಯ ನಿನ್ನೆಯದಾದರೆ ಮಸ್ಟ್ ಕೈಕೊಡುತ್ತದೆ, ‘ಹ್ಯಾಡ್ ಟು’ ಕರೆಯಬೇಕು.

ನಿನ್ನೆಯ ಮಾತಿಗೆ ಚಿತ್ರದುರ್ಗದ ಕೋಟೆಯನ್ನೇ ಹತ್ತಬೇಕು. ಹೈದರಾಲಿಯ ಸೈನಿಕರು ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳುವಾಗ, ನೀರಿಗೆ ಬಂದ ಓಬವ್ವ ಪಿಸುಮಾತು ಕೇಳಿ ಒನಕೆ ಹಿಡಿದಳು ಎಂಬುದು ಇಲ್ಲಿನ ಎಲ್ಲರ ಬಾಯಲ್ಲಿರುವ ಕಥೆ. ‘ಶಿ ಮಸ್ಟ್ ಹ್ಯಾವ್ ಹರ್ಡ್’ ಅಂದರೆ ಕೇಳಿಸಿಕೊಂಡಿರಬೇಕು, ಅನುಮಾನವಿಲ್ಲ. ‘ಮೇ ಹ್ಯಾವ್ ಹರ್ಡ್’ ಅಂದರೆ ಕೇಳಿಸಿಕೊಂಡಿರಬಹುದು. ‘ಕುಡ್ ಹ್ಯಾವ್ ಹರ್ಡ್’ ಎರಡು ಕಡೆ ವಾಲುತ್ತದೆ: ಕೇಳಿಸಿಕೊಂಡಿದ್ದರೂ ಇರಬಹುದು, ಕೇಳಿಸಿಕೊಳ್ಳುವ ಅವಕಾಶವಿದ್ದೂ ತಪ್ಪಿರಬಹುದು. ಇನ್ನು ‘ಶುಡ್ ಹ್ಯಾವ್ ಹರ್ಡ್’ ಅಂದಿರೋ, ಕೇಳಿಸಿಕೊಳ್ಳಬೇಕಿತ್ತು, ಕೇಳಿಸಿಕೊಳ್ಳಲಿಲ್ಲ ಎಂದಾಗಿ ಕೋಟೆ ಅವತ್ತೇ ಬಿತ್ತು. ಕನ್ನಡದ ‘ಇರಬೇಕು’ ಮತ್ತು ‘ಬೇಕಿತ್ತು’ ನಡುವಿನ ದೂರವೇ ಮಸ್ಟ್ ಹ್ಯಾವ್ ಮತ್ತು ಶುಡ್ ಹ್ಯಾವ್ ನಡುವಿನ ದೂರ. ಈ ‘ಹ್ಯಾವ್’ ಮಾತಿನ ಓಟದಲ್ಲಿ ‘ಅವ್’ ಆಗಿ ಕೇಳಿಸುವುದರಿಂದ ಇಂಗ್ಲಿಷರ ಮಕ್ಕಳೇ ‘ಶುಡ್ ಆಫ್’ ಎಂದು ಬರೆದು ಕೆಂಪು ಶಾಯಿ ತಿನ್ನುತ್ತಾರೆ.

ಶಲ್ ಮುದಿಯಾಗಿದೆ. ಕಾಯಿದೆಯ ಕಾಗದ ಬಿಟ್ಟರೆ ಅದಕ್ಕೆ ಜೀವವಿರುವುದು ‘ಶಲ್ ವಿ ಗೋ?’ ಎಂಬಲ್ಲಿ, ಅಂದರೆ ನಮ್ಮ ‘ಹೋಗೋಣೇನ್ರಿ?’

ಅದರ ಬದಲು ಎಲ್ಲೆಂದರಲ್ಲಿ ಮೆರೆಯುತ್ತಿರುವುದು ವುಡ್. ‘ಐ ವುಡ್ ಬಿ ಕಮಿಂಗ್ ಟುಮಾರೋ’ ಎಂದು ರಜೆ ಅರ್ಜಿಯಲ್ಲೂ ಬರೆಯುತ್ತಾರೆ, ವಿಲ್‌ಗಿಂತ ವುಡ್ ಗೌರವದ್ದೆಂದು. ಓದಿದವರು ಮುಂದಿನ ‘ಆದರೆ’ಗೆ ಕಾಯುತ್ತಾರೆ: ಬರುತ್ತಿದ್ದೆ, ಆದರೆ? ಇಂಥ ವುಡ್‌ನ ಬೆನ್ನಿಗೆ ಒಂದು ‘ರೆ’ ಅಡಗಿರುತ್ತದೆ, ಬಸ್ಸು ಸಿಕ್ಕರೆ, ಮಳೆ ನಿಂತರೆ. ಅದಿಲ್ಲದ ಕಡೆ ವಿಲ್ ಸಾಕು. ಹಳೆಯ ರೂಢಿ ಹೇಳಲೂ ವುಡ್ ಬರುತ್ತದೆ, ಆದರೆ ಮಾಡುತ್ತಿದ್ದ ಕೆಲಸಕ್ಕೆ ಮಾತ್ರ, ಇದ್ದ ಸ್ಥಿತಿಗೆ ಬರುವುದಿಲ್ಲ. ಸೈರನ್ ಕೂಗಿದೊಡನೆ ಕಾರ್ಮಿಕರು ಸೈಕಲ್ ಏರುತ್ತಿದ್ದರು ಅನ್ನಲು ವುಡ್ ಸರಿ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು ಅನ್ನಲು ‘ದೇರ್ ವುಡ್ ಬಿ’ ಅನ್ನುವಂತಿಲ್ಲ. ‘ದೇರ್ ಯೂಸ್ಡ್ ಟು ಬಿ’ ಅಂತಲೇ ಅನ್ನಬೇಕು.