ಎರಡು ಗಂಟೆಯ ಅಪ್ಪ

'ವಿಚ್ಛೇದನದ ನಂತರ ಮಗು ತಾಯಿಯ ಬಳಿಯೇ ಇರಲಿ, ತಂದೆ ಖರ್ಚು ಕೊಟ್ಟರೆ ಸಾಕು' ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಒಪ್ಪಲಾರೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವನಾದ ನಾನು ತಿಂಗಳಿಗೆ ಎರಡು ಶನಿವಾರ, ತಲಾ ಎರಡು ಗಂಟೆ ಮಗಳನ್ನು ನೋಡುತ್ತೇನೆ. ಮೊದಲ ಅರ್ಧ ಗಂಟೆ ಅವಳ ಸಂಕೋಚ ಬಿಡಿಸುವುದರಲ್ಲೇ ಹೋಗುತ್ತದೆ. ಈಗ ಅವಳು ಮಲಯಾಳ ಮಾಧ್ಯಮದಲ್ಲಿ ಓದುತ್ತಾಳೆ; ಕಳೆದ ಸಲ ನಾನು ಬರೆದುಕೊಟ್ಟ ಕನ್ನಡ ಚೀಟಿಯನ್ನು ಓದುತ್ತಾ 'ಳ' ಅಕ್ಷರದಲ್ಲೇ ನಿಂತುಬಿಟ್ಟಳು. ಅದನ್ನು ಕಲಿಸಲು ಜೀವನಾಂಶದ ಹಣ ಸಾಲದು.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಪೋಷಕತ್ವ ಕಾಯ್ದೆ ಹೇಳುತ್ತದೆ, ಅದು ಸರಿಯೇ. ನನ್ನ ಮಗಳಿಗೆ ಒಂಬತ್ತು! 2015ರಲ್ಲೇ ಕಾನೂನು ಆಯೋಗ ತನ್ನ 257ನೆಯ ವರದಿಯಲ್ಲಿ ಜಂಟಿ ಪಾಲನೆಗೆ ಅವಕಾಶ ಕೊಡಲು ಶಿಫಾರಸು ಮಾಡಿತ್ತು. ನಮ್ಮ ಕಡೆಯ ಅಳಿಯಸಂತಾನದ, ಅಂದರೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುವ, ಮನೆಗಳಲ್ಲಿ ಯಜಮಾನಿಕೆ ಸೋದರಮಾವನದು, ಅಪ್ಪ ಬಂದು ಹೋಗುವ ನೆಂಟ ಎಂದು ಹಿರಿಯರು ನಗುತ್ತಿದ್ದರು. ಆ ನೆಂಟನಿಗೂ ರಾತ್ರಿಯ ಊಟವಿತ್ತು.

ಹೊಡೆಯುವ, ಕುಡಿದು ಬರುವ ಗಂಡಸಿಗೆ ಮಗುವನ್ನು ಕೊಡಿ ಎನ್ನುತ್ತಿಲ್ಲ. ಉಳಿದವರಿಗೆ ವಾರಾಂತ್ಯವನ್ನೂ ಬೇಸಿಗೆ ರಜೆಯ ಅರ್ಧವನ್ನೂ ಕೊಡಿ. ಶಾಲೆಯ ಪೋಷಕರ ಸಭೆಗೆ ಇಬ್ಬರನ್ನೂ ಕರೆಯಿರಿ. ಈ ಶನಿವಾರ ನಾನು ಕಾಪಿ ಪುಸ್ತಕ ಒಯ್ಯುತ್ತಿದ್ದೇನೆ.