ಜಂಟಿ ಈಸ್ಟರ್‌ಗೆ ಮೊದಲು ‘ನಮ್ಮ ತಂದೆಯೇ’ ಒಂದಾಗಲಿ

ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ) ಶುರುವಾದ ಕೂಡಲೇ ‘ಈ ಸಲ ಊರಿನ ಚರ್ಚುಗಳೆಲ್ಲ ಸೇರಿ ಈಸ್ಟರ್ ಮಾಡೋಣ’ ಎಂಬ ಮಾತು ಏಳುತ್ತದೆ. ಒಳ್ಳೆಯದೇ. ಆದರೆ ಸಮಯ ಗೊತ್ತುಮಾಡುವಾಗಲೇ ಅರ್ಧ ಉತ್ಸಾಹ ಇಳಿದಿರುತ್ತದೆ.

ಕ್ಯಾಥೊಲಿಕರು ಶನಿವಾರ ರಾತ್ರಿಯೇ ಹೊಸ ಬೆಂಕಿ, ಪಾಸ್ಖ (ಈಸ್ಟರ್) ಮೇಣದಬತ್ತಿ, ಹಳೆ ಒಡಂಬಡಿಕೆಯ ಏಳು ವಾಚನಗಳವರೆಗೆ ಜಾಗರಣೆ ಮಾಡಿರುತ್ತಾರೆ. ಪ್ರೊಟೆಸ್ಟಂಟರಲ್ಲಿ ಹಲವರು ನಸುಕಿಗೇ ಸಮಾಧಿ ಭೂಮಿಯಲ್ಲಿ. (ಈ ಸೂರ್ಯೋದಯ ಆರಾಧನೆ ಜರ್ಮನಿಯ ಹೆರ್ನ್‌ಹೂಟ್‌ನ ಮೊರಾವಿಯನ್ನರೆಂಬ ಪ್ರೊಟೆಸ್ಟಂಟ್ ಪಂಗಡದಲ್ಲಿ 1732ರಲ್ಲಿ ಶುರುವಾದದ್ದು.) ಹಾಗಾಗಿ ಭಾನುವಾರ ಬೆಳಿಗ್ಗೆ ಯಾರಿಗೂ ಪುರುಸೊತ್ತಿಲ್ಲ. ಬಯಲಲ್ಲಿ ಮೈಕ್ ಹಾಕಲೂ ಬೆಳಿಗ್ಗೆ 6ರವರೆಗೆ ಕಾನೂನು ಬಿಡುವುದಿಲ್ಲ. ಸಂಜೆ 5ಕ್ಕೆ ಇಟ್ಟುಕೊಳ್ಳಿ, ಇಲ್ಲವೇ ಮುಂದಿನ ಭಾನುವಾರ. ಪಂಚಾಶತ್ತಮದ ಹಬ್ಬದವರೆಗೆ (ಪವಿತ್ರಾತ್ಮ ಇಳಿದುಬಂದ ದಿನ) 50 ದಿನವೂ ಈಸ್ಟರ್ ಕಾಲವೇ ತಾನೆ?

ಇನ್ನು ಪ್ರಾರ್ಥನೆ. ಯೇಸು ಕಲಿಸಿದ ‘ನಮ್ಮ ತಂದೆಯೇ’ ಪ್ರಾರ್ಥನೆ ಎಲ್ಲರಿಗೂ ಬಾಯಿಪಾಠ, ತೊಡಕು ಇರುವುದೂ ಅಲ್ಲೇ. ಒಬ್ಬರು ‘ಪರಲೋಕದಲ್ಲಿರುವ’ ಎಂದರೆ ಪಕ್ಕದವರು ‘ಸ್ವರ್ಗದಲ್ಲಿರುವ’ ಅನ್ನುತ್ತಾರೆ. ಒಬ್ಬರಿಗೆ ದೇವರು ‘ನೀನು’, ಇನ್ನೊಬ್ಬರಿಗೆ ‘ನೀವು’. ‘ಕೇಡಿನಿಂದ ತಪ್ಪಿಸು’ ಆದಮೇಲೆ ಕ್ಯಾಥೊಲಿಕರು ನಿಲ್ಲುತ್ತಾರೆ, ಉಳಿದವರು ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದುವರಿಯುತ್ತಾರೆ. ಹಾಳೆ ಅಚ್ಚು ಹಾಕಿಸಿ ಹಂಚಿದರೂ ಬಾಯಿಪಾಠ ಬಂದವರು ಹಾಳೆ ನೋಡುವುದಿಲ್ಲ. ಉಪಾಯ ಒಂದೇ: ಯಾವುದಾದರೊಂದು ಪಾಠ ಆರಿಸಿ, ಮುಂದಾಳು ಒಂದೊಂದೇ ಸಾಲು ಹೇಳಲಿ, ಸಭೆ ಅದನ್ನೇ ಮತ್ತೆ ಹೇಳಲಿ. ನಾನಾದರೆ ಕೊನೆಯ ಸ್ತುತಿಯನ್ನು ಬಿಡುವುದಿಲ್ಲ. ಕ್ಯಾಥೊಲಿಕರ ಪೂಜೆಯಲ್ಲೂ ಅದು ಸ್ವಲ್ಪ ಆಮೇಲೆ ಬಂದೇ ಬರುತ್ತದೆ.

ಪ್ರಭುಭೋಜನವನ್ನು (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ಸೇರಿಸಲೇಬೇಡಿ. ಕ್ಯಾಥೊಲಿಕ್ ಗುರುಗಳು ಬೇರೆ ಸಭೆಯ ಪಾಲಕರೊಂದಿಗೆ ಅದನ್ನು ನಡೆಸುವಂತಿಲ್ಲ. ಹಟಕ್ಕೆ ಇಟ್ಟರೆ ಅರ್ಧ ಜನ ಕುಳಿತಲ್ಲೇ ಉಳಿಯುತ್ತಾರೆ, ಜಂಟಿ ಎಂಬ ಮಾತಿಗೇ ಅರ್ಥವಿರುವುದಿಲ್ಲ. ವಾಚನ, ಹಾಡು, ಬಿನ್ನಹ, ಚಿಕ್ಕ ಪ್ರಸಂಗ (ಉಪದೇಶ): ಒಂದು ತಾಸು ಸಾಕು. ಕಾಣಿಕೆ ಎತ್ತುವುದಾದರೆ ಯಾರ ಖಾತೆಗೆ ಎಂಬುದು ಮೊದಲೇ ಬರವಣಿಗೆಯಲ್ಲಿರಲಿ.

ಸೇವಾಕಾರ್ಯದಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ರಕ್ತದಾನ. ಈಸ್ಟರ್ ದಿನ ಅದು ಬೇಡ. ನಿದ್ದೆಗೆಟ್ಟು, ಉಪವಾಸ ಮಾಡಿ ಬಂದವರಿಗೆ ತಲೆ ಸುತ್ತುತ್ತದೆ, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆಯಿದ್ದರೆ ವಾಪಸ್ ಕಳಿಸುತ್ತಾರೆ. ಎರಡು ವಾರ ಬಿಟ್ಟು ಮಾಡಿ, ತಿಂಡಿ ತಿಂದು ಬನ್ನಿ ಎಂದು ಹೇಳಿ.

ಊಟ ಹಂಚುವುದಾದರೆ 200 ಜನಕ್ಕೆ 20ರಿಂದ 22 ಕಿಲೋ ಅಕ್ಕಿ ಹಿಡಿಯುತ್ತದೆ. ಏಪ್ರಿಲ್ ಸೆಕೆಗೆ ಕಾಯಿಚಟ್ನಿ ಬೇಗ ಹಳಸುತ್ತದೆ, ಚಿತ್ರಾನ್ನ ಅಥವಾ ಟೊಮೆಟೊ ಬಾತ್ ಮೇಲು. ಬಿಸಿಬಿಸಿ ಅನ್ನವನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಬೆವರಿ ಕೆಡುತ್ತದೆ. ಅಗಲ ತಟ್ಟೆಯಲ್ಲಿ ಹರವಿ ಆವಿ ಹೋಗಿಸಿ ಕಟ್ಟಿ, ಕಟ್ಟಿದ ಮೇಲೆ ಎರಡು ತಾಸಿನೊಳಗೆ ಕೈಗೆ ತಲುಪಿಸಿ. ಪೊಟ್ಟಣದೊಳಗೆ ಕರಪತ್ರ ಮಾತ್ರ ಇಡಬೇಡಿ. ಯಾವ ಚರ್ಚು ಎಷ್ಟು ಕಿಲೋ ಕೊಟ್ಟಿತು ಎಂಬ ಬ್ಯಾನರೂ ಬೇಡ.